ಕಾಗಿನೆಲೆಯ ಸುತ್ತ ಸೈಕಲ್ ಸವಾರಿ: ಗದ್ದಲವಿಲ್ಲದ ದಾರಿ ಹಿಡಿಯಲು ಹತ್ತು ಸೂತ್ರಗಳು

ಹಾವೇರಿ ಜಿಲ್ಲೆಯನ್ನು ಬಹುತೇಕರು ನೋಡಿರುವುದು ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಓಡುವ ಬಸ್ಸಿನ ಕಿಟಕಿಯಿಂದ. ಡಾಬಾ, ಪೆಟ್ರೋಲ್ ಬಂಕ್, ಮೇಲ್ಸೇತುವೆ, ಮತ್ತೆ ಡಾಬಾ. ಆ ಹೆದ್ದಾರಿ ಬಿಟ್ಟು ಒಳಗೆ ಇಳಿದರೆ ಬೇರೆಯೇ ಜಿಲ್ಲೆ ಇದೆ: ಕೆರೆ ಏರಿ, ಜೋಳದ ಹೊಲ, ಒಂದು ಟ್ರ್ಯಾಕ್ಟರ್ ಮಾತ್ರ ಹಿಡಿಸುವಷ್ಟು ಅಗಲದ ಡಾಂಬರು ರಸ್ತೆ. ಇಟಲಿಯ ಟಸ್ಕನಿಗೆ ಸೈಕಲ್ ಓಡಿಸಲೆಂದೇ ಜಗತ್ತಿನ ನಾನಾ ಕಡೆಯಿಂದ ಜನ ಹೋಗುತ್ತಾರೆ. ಹಿತವಾದ ಏರಿಳಿತ, ವಾಹನಗಳಿಲ್ಲದ ರಸ್ತೆ, ದಾರಿಯಲ್ಲೊಂದು ಹಳೆಯ ಗುಡಿ, ಹೊಟ್ಟೆ ತುಂಬ ಊಟ. ಇಷ್ಟೂ ಕಾಗಿನೆಲೆಯ ಸುತ್ತ ಇದೆ. ದಾರಿಯನ್ನೂ ಹೊತ್ತನ್ನೂ ಸರಿಯಾಗಿ ಆರಿಸಿಕೊಳ್ಳುವುದು ನಮಗೆ ಗೊತ್ತಿರಬೇಕು.

1. ಹೆದ್ದಾರಿಯನ್ನು ದಾಟಿ, ಅದರ ಮೇಲೆ ಓಡಿಸಬೇಡಿ.
ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರುಗಳನ್ನು ಪೋಣಿಸಿಕೊಂಡು ಹೋಗುವ ಹೆದ್ದಾರಿ ಜಿಲ್ಲೆಯನ್ನು ಎರಡು ಪಾಲು ಮಾಡುತ್ತದೆ. ಪಶ್ಚಿಮದ ಪಾಲಿನಲ್ಲಿ ಬ್ಯಾಡಗಿ, ಕಾಗಿನೆಲೆ, ಅದರಾಚೆ ಹಾನಗಲ್. ಹೋದಷ್ಟೂ ಹಸಿರು ಹೆಚ್ಚುತ್ತದೆ, ಸಣ್ಣ ಸಣ್ಣ ಏರುಗಳು ಸಿಗುತ್ತವೆ. ಪೂರ್ವದ ಪಾಲು ಗುತ್ತಲ, ಹಾವನೂರು, ತುಂಗಭದ್ರೆಯ ದಂಡೆ. ಬಹುಪಾಲು ಮಟ್ಟಸವಾದ ಬಯಲು. ಒಂದು ದಿನಕ್ಕೆ ಒಂದೇ ಪಾಲು ಸಾಕು. ಹೆದ್ದಾರಿ ದಾಟಲೇಬೇಕಾದಲ್ಲಿ ಕೆಳಸೇತುವೆ ಹುಡುಕಿ. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬೈಕುಗಳು ಬರುತ್ತವೆ, ಅಲ್ಲಿ ಮೈಮರೆಯುವಂತಿಲ್ಲ.

2. ಮೈಲಿಗಲ್ಲಿನ ತಲೆಯ ಬಣ್ಣ ನೋಡಿ.
ಹಳದಿ ತಲೆಯಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ, ಕೇಸರಿಯಿದ್ದರೆ ಹಳ್ಳಿಯ ರಸ್ತೆ. ನಿಮ್ಮದು ಕೇಸರಿ. 2000ದ ಡಿಸೆಂಬರಿನಲ್ಲಿ ಶುರುವಾದ ಗ್ರಾಮ ಸಡಕ್ ಯೋಜನೆಯಲ್ಲಿ ಆದ ಇಂಥ ರಸ್ತೆಗಳ ಅಗಲ ಸಾಮಾನ್ಯವಾಗಿ ಮೂರೂಮುಕ್ಕಾಲು ಮೀಟರ್. ಲಾರಿ ಚಾಲಕ ಈ ಅಗಲವನ್ನು ಇಷ್ಟಪಡುವುದಿಲ್ಲ, ಸೈಕಲ್ ಸವಾರನಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಫೋನಿನ ನಕ್ಷೆ ಅತಿ ಬೇಗ ತಲುಪಿಸುವ ದಾರಿಯನ್ನು ತೋರಿಸುತ್ತದೆ. ಅದು ನಿಮಗೆ ಬೇಡದ ದಾರಿ.

3. ಬಸ್ಸಿನ ವೇಳೆ ಕೇಳಿ.
ಕಟ್ಟೆಯ ಮೇಲೆ ಕೂತ ಹಿರಿಯರನ್ನು "ಯಜ್ಜಾರ, ಈ ರಸ್ತಾದಾಗ ಬಸ್ ಎಷ್ಟೊತ್ತಿಗೆ ಬರತೈತ್ರಿ?" ಎಂದು ಕೇಳಿದರೆ ಇಡೀ ದಾರಿಯ ಜಾತಕ ಸಿಗುತ್ತದೆ. "ಮುಂಜಾನಿ ವಸ್ತಿ ಬಸ್ ಹೋತಂದ್ರ ಮತ್ತ ಸಂಜೀಗೇ ನೋಡ್ರಿ" ಎಂಬ ಉತ್ತರ ಬಂದರೆ ಕಣ್ಣುಮುಚ್ಚಿ ಆ ದಾರಿ ಹಿಡಿಯಿರಿ. ಮುಂದೆ ಹಳ್ಳದ ಮೇಲೆ ನೀರಿದೆಯೇ, ಡಾಂಬರು ಕಿತ್ತಿದೆಯೇ ಎಂಬುದನ್ನೂ ಅವರೇ ಹೇಳುತ್ತಾರೆ.

4. ಮೆಣಸಿನಕಾಯಿ ಸುಗ್ಗಿಯಲ್ಲಿ ಸೋಮವಾರ, ಗುರುವಾರ ಬ್ಯಾಡಗಿಯತ್ತ ಹೋಗಬೇಡಿ.
ಜನವರಿಯಿಂದ ಏಪ್ರಿಲ್‌ವರೆಗೆ ಈ ಎರಡು ದಿನ ಮಾರುಕಟ್ಟೆ. ಹಿಂದಿನ ರಾತ್ರಿಯಿಂದಲೇ ಚೀಲ ಹೇರಿದ ಲಾರಿಗಳು, ಗೂಡ್ಸ್ ಗಾಡಿಗಳು ಸಾಲುಗಟ್ಟುತ್ತವೆ. ದೂರದ ಬಳ್ಳಾರಿ, ರಾಯಚೂರಿನಿಂದಲೂ ಆಂಧ್ರದಿಂದಲೂ ಮಾಲು ಇಲ್ಲಿಗೇ ಬರುತ್ತದೆ. ಅಂಥ ದಿನ ಉಸಿರೆಳೆದು ಪೆಡಲ್ ತುಳಿಯುವವರ ಗಂಟಲಿಗೆ ಘಾಟು ಹತ್ತುವುದು ಖಂಡಿತ. ಉಳಿದ ದಿನಗಳಲ್ಲಿ ಮಾತ್ರ ಬ್ಯಾಡಗಿಯನ್ನು ತಪ್ಪಿಸಬೇಡಿ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂಬ ಎರಡು ಜಾತಿ: ಡಬ್ಬಿ ಗಿಡ್ಡ, ದಪ್ಪ, ಕಡ್ಡಿ ಉದ್ದ, ಸಪೂರ, ಮೈತುಂಬ ಸುಕ್ಕು. ಎರಡರಲ್ಲೂ ಖಾರಕ್ಕಿಂತ ಬಣ್ಣ ಹೆಚ್ಚು. ಹೆಣ್ಣುಮಕ್ಕಳು ಸಾಲಾಗಿ ಕೂತು ತೊಟ್ಟು ಮುರಿಯುವಾಗ ಅಂಗಳದ ತುಂಬ ಕೆಂಪು ರಾಶಿ. ಸೈಕಲ್ ನಿಲ್ಲಿಸಿ ನೋಡಬೇಕಾದ ದೃಶ್ಯ ಅದು.

5. ಗಾಳಿಯ ಲೆಕ್ಕ ಹಾಕಿ.
ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಪಶ್ಚಿಮದ ಗಾಳಿ, ಹೊತ್ತೇರಿದಂತೆ ಅದರ ಜೋರೂ ಏರುತ್ತದೆ. ಆದ್ದರಿಂದ ನಸುಕಿನಲ್ಲಿ ಗಾಳಿ ಸುಮ್ಮನಿರುವಾಗಲೇ ಹಾನಗಲ್ ದಿಕ್ಕಿಗೆ ಹೋಗಿಬಿಡಿ. ವಾಪಸು ಬರುವಾಗ ಅದೇ ಗಾಳಿ ಬೆನ್ನು ನೂಕುತ್ತದೆ. ಪೂರ್ವದ ಬಯಲಿನಲ್ಲಿ ಇದು ಉಲ್ಟಾ. ಗುತ್ತಲದವರೆಗೆ ಸಲೀಸಾಗಿ ಹೋದವರು ಮಧ್ಯಾಹ್ನ ಹಾವೇರಿಗೆ ಮರಳುವಾಗ ಒದ್ದಾಡುತ್ತಾರೆ, ಏಕೆಂದರೆ ಮರೆಗೆ ಒಂದು ಗುಡ್ಡವೂ ಇಲ್ಲ. ನದೀತೀರದ ಸವಾರಿಯನ್ನು ನವೆಂಬರ್‌ನಿಂದ ಫೆಬ್ರವರಿಗೆ ಇಟ್ಟುಕೊಳ್ಳಿ.

6. ರಸ್ತೆಯೇ ಕಣವಾಗಿರುತ್ತದೆ, ನಿಧಾನಿಸಿ.
ಹಾವೇರಿ ಗೋವಿನಜೋಳದ ಜಿಲ್ಲೆ. ಕೊಯ್ಲಾದ ಮೇಲೆ ಕಾಳು ಒಣಗುವುದು ಅರ್ಧ ರಸ್ತೆಯಲ್ಲಿ, ಅಂಚಿಗೆ ಕಲ್ಲಿಟ್ಟು ಗಡಿ. ಚದುರಿದ ಕಾಳು ತೆಳು ಟಯರಿನ ಕೆಳಗೆ ಗೋಲಿಯ ಹಾಗೆ ಉರುಳುತ್ತದೆ. ಅದರ ಮೇಲೆ ಬ್ರೇಕ್ ಹಿಡಿದರೆ ಬಿದ್ದಿರಿ ಎಂದೇ ಅರ್ಥ. ಮುಂಚೆಯೇ ವೇಗ ಇಳಿಸಿ, ಹ್ಯಾಂಡಲ್ ನೇರ ಹಿಡಿದು ದಾಟಿ. ಕೆಲವೆಡೆ ಹುರುಳಿಯನ್ನು ವಾಹನಗಳು ತುಳಿಯಲೆಂದೇ ಹರವಿರುತ್ತಾರೆ. ಅದರ ಬಳ್ಳಿ ಚೈನಿಗೂ ಹಿಂದಿನ ಗೇರಿಗೂ ಸುತ್ತಿಕೊಂಡರೆ ಬಿಡಿಸಲು ಚಾಕು ಬೇಕು. ಇಳಿದು ತಳ್ಳಿಕೊಂಡು ಹೋಗುವುದೇ ಸರಿ. ಬೆಳೆದವರ ವರ್ಷದ ದುಡಿಮೆ ಅಲ್ಲಿ ಬಿದ್ದಿದೆ. ಅದರ ಮೇಲೆ ಸೈಕಲ್ ಹಾಯಿಸುವುದು ನಮ್ಮ ಹಕ್ಕಲ್ಲ.

7. ಮುಳ್ಳಿಗೆ ತಯಾರಾಗಿ ಬನ್ನಿ.
ಇಲ್ಲಿ ಟಯರಿಗೆ ವೈರಿಗಳು ಇಬ್ಬರು: ಜಾಲಿ ಮುಳ್ಳು, ನೆಗ್ಗಿಲ ಮುಳ್ಳು. ನೆರಳೆಂದು ಜಾಲಿಮರದ ಕೆಳಗೆ ಸೈಕಲ್ ಒರಗಿಸಬೇಡಿ. 28ರಿಂದ 32 ಮಿ.ಮೀ. ಅಗಲದ ಟಯರ್, ಎರಡು ಟ್ಯೂಬ್, ಕೈಪಂಪು ಜೊತೆಗಿರಲಿ. ಪಂಕ್ಚರ್ ಅಂಗಡಿ ದೊಡ್ಡ ಊರುಗಳಲ್ಲಿ ಸಿಗುತ್ತದೆ, ಆದರೆ ಬೈಕಿಗೆ ಗಾಳಿ ತುಂಬುವ ಯಂತ್ರ ರೇಸ್ ಸೈಕಲ್ಲಿನ ಸಪೂರ ವಾಲ್ವಿಗೆ ಕೂರುವುದಿಲ್ಲ. ಬೆರಳ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರ್ ಕಿಸೆಯಲ್ಲಿದ್ದರೆ ಆ ತೊಂದರೆಯಿಲ್ಲ. ಮಳೆ ಬಿದ್ದ ಮರುದಿನ ಎರೆ ಹೊಲದ ಬಂಡಿದಾರಿ ಹಿಡಿಯಬೇಡಿ. ಎರೆಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ಮೆತ್ತಿಕೊಂಡು ಸೈಕಲ್ಲನ್ನು ನೀವೇ ಹೊರಬೇಕಾಗುತ್ತದೆ.

8. ಊಟದ ಹೊತ್ತಿಗೆ ಊರು ಸೇರಿ.
ಬೆಳಿಗ್ಗೆ ಮಂಡಕ್ಕಿ, ಮಿರ್ಚಿ, ಚಹಾ. ಮಧ್ಯಾಹ್ನಕ್ಕೆ ಯಾವುದಾದರೂ ಖಾನಾವಳಿಯ ಜೋಳದ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ. ನೀರು ಮಾತ್ರ ಎರಡು ಬಾಟಲಿ ಯಾವಾಗಲೂ ಇರಲಿ.

9. ಕಿಲೋಮೀಟರ್ ಎಣಿಸಬೇಡಿ, ಊರು ಆರಿಸಿಕೊಳ್ಳಿ.
ಮೊದಲ ಆಯ್ಕೆ ಕಾಗಿನೆಲೆಯೇ. ಆದಿಕೇಶವ ಗುಡಿ, ಕನಕದಾಸರ ಗದ್ದುಗೆ, ಪಕ್ಕದ ಕೆರೆ. ಏರಿಯ ಮೇಲೆ ಕೂತು ದಣಿವಾರಿಸಿಕೊಳ್ಳಲು ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. ಕಾರ್ತಿಕದ ಕನಕ ಜಯಂತಿಯ ದಿನ ಜನಸಾಗರ, ಆ ದಿನ ನಡೆದು ಬನ್ನಿ. ಎರಡನೆಯದು ಬಾಡ. ಶಿಗ್ಗಾಂವಿ ತಾಲ್ಲೂಕಿನ ಈ ಊರು ಕನಕದಾಸರ ಹುಟ್ಟೂರು. ಬಾಡದ ಆದಿಕೇಶವನನ್ನು ಅವರೇ ಕಾಗಿನೆಲೆಗೆ ತಂದರು ಎಂಬುದು ಪ್ರತೀತಿ. ಹುಟ್ಟೂರಿನಿಂದ ಕರ್ಮಭೂಮಿಗೆ ಹಳ್ಳಿ ರಸ್ತೆಗಳಲ್ಲೇ ಹೊಂದಿಸಿಕೊಂಡು ಬರುವ ಒಂದು ದಿನದ ಸವಾರಿಗೆ ಹೆಚ್ಚಿನ ಕಾರಣ ಬೇಕಿಲ್ಲ.

ಪೂರ್ವದಲ್ಲಿ ವರದಾ ನದಿ ತುಂಗಭದ್ರೆಯನ್ನು ಕೂಡುವಲ್ಲಿ ಗಳಗನಾಥ, ಅಲ್ಲಿ ಚಾಲುಕ್ಯರ ಕಾಲದ ಗಳಗೇಶ್ವರ ಗುಡಿ. ಅದೇ ಹೊಳೆಯ ದಂಡೆಯಲ್ಲಿ ಅಂಬಿಗರ ಚೌಡಯ್ಯನ ಚೌಡಯ್ಯದಾನಪುರ. ಅಲ್ಲಿನ ಮುಕ್ತೇಶ್ವರ ಗುಡಿಯ ಹೊರಗೋಡೆಯ ಕೆತ್ತನೆಗೆ ಒಂದು ಗಂಟೆಯಾದರೂ ಕೊಡಿ. ಹತ್ತಿರದ ಹಾವನೂರಿನವರು ಕಾದಂಬರಿಕಾರ ಗಳಗನಾಥರು. ಕನ್ನಡ ಓದುಗರೇ ಇಲ್ಲವೆನ್ನುತ್ತಿದ್ದ ಕಾಲದಲ್ಲಿ ಪುಸ್ತಕದ ಗಂಟು ಹೊತ್ತು ಊರೂರು ನಡೆದು ಮಾರಿದ ಮನುಷ್ಯ. ನಾವು ಸೈಕಲ್ಲಿನಲ್ಲಿ ಹೋಗುವ ಈ ಸೀಮೆ ಅವರು ಕಾಲ್ನಡಿಗೆಯಲ್ಲಿ ತಿರುಗಿದ್ದು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾದದ್ದು, 119 ಚದರ ಕಿಲೋಮೀಟರ್. ಒಳಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅಂಚಿನ ರಸ್ತೆಗಳಲ್ಲಿ ಮುಂಜಾನೆ ಸದ್ದಿಲ್ಲದೆ ಹೋದರೆ ಚಿಗರಿಯ ಹಿಂಡು ಕಾಣುವ ಸಂಭವವುಂಟು. ಸದ್ದಿಲ್ಲದೆ ಹೋಗುವುದು ಸೈಕಲ್ಲಿಗೆ ಮಾತ್ರ ಸಾಧ್ಯ.

10. ದಾರಿ ಉಳಿಸಿಕೊಳ್ಳಲು ಬಾಯಿ ಬಿಡಿ.
1997ರಲ್ಲಿ ಟಸ್ಕನಿಯ ಗಾಯೋಲೆ ಎಂಬ ಸಣ್ಣ ಊರಿನಲ್ಲಿ ಎರೋಯಿಕಾ ಎಂಬ ಸೈಕಲ್ ಯಾತ್ರೆ ಆರಂಭವಾಯಿತು. ಹಳೆಯ ಬಿಳಿ ಜಲ್ಲಿ ರಸ್ತೆಗಳಿಗೆ ಡಾಂಬರು ಬಿದ್ದು ಅವು ಇಲ್ಲವಾಗಬಾರದು ಎಂಬುದು ಅದರ ಉದ್ದೇಶ. ಇಂದು ಆ ಮಾರ್ಗಕ್ಕೆ ವರ್ಷಪೂರ್ತಿ ಕಾಯಂ ಫಲಕಗಳಿವೆ, 2007ರಿಂದ ಅದೇ ಬಿಳಿ ರಸ್ತೆಗಳ ಮೇಲೆ ಸ್ತ್ರಾದೆ ಬ್ಯಾಂಕೆ ಎಂಬ ದೊಡ್ಡ ರೇಸೂ ನಡೆಯುತ್ತಿದೆ. ಸವಾರರು ಬಂದರು, ಊರಿನವರಿಗೆ ದುಡಿಮೆಯಾಯಿತು, ರಸ್ತೆ ಉಳಿಯಿತು.

ನಮ್ಮಲ್ಲಿ ಹಳ್ಳಿ ರಸ್ತೆಯ ನಿಜವಾದ ಸೈಕಲ್ ಸವಾರರು ಶಾಲೆಯ ಮಕ್ಕಳು. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಎಷ್ಟೋ ಹೆಣ್ಣುಮಕ್ಕಳು ಪಕ್ಕದೂರಿನ ಹೈಸ್ಕೂಲಿಗೆ ಹೋದದ್ದು ಇದೇ ದಾರಿಗಳಲ್ಲಿ. ಬಾಡದಿಂದ ಕಾಗಿನೆಲೆಗೆ ಒಂದು ಸೈಕಲ್ ಮಾರ್ಗ ಗುರುತಿಸಿ ತಿರುವು ತಿರುವಿಗೆ ಫಲಕ ನೆಟ್ಟರೆ, ದೊಡ್ಡ ವಾಹನಗಳು ಅಲ್ಲಿ ವೇಗ ಇಳಿಸಬೇಕೆಂದು ನಿಯಮ ಮಾಡಿದರೆ, ಮೊದಲ ಲಾಭ ಆ ಮಕ್ಕಳಿಗೆ. ಖರ್ಚು ಕೆಲವು ಫಲಕಗಳು, ಒಂದಿಷ್ಟು ಬಣ್ಣ. ಕಾಗಿನೆಲೆ ಅಭಿವೃದ್ಧಿ ಪ್ರಾಧಿಕಾರ ಈಗಾಗಲೇ ಎರಡೂ ಊರುಗಳಲ್ಲಿ ಕೆಲಸ ಮಾಡಿದೆ; ನಡುವಿನ ದಾರಿಯ ಬಗ್ಗೆಯೂ ಅದು ಯೋಚಿಸಲಿ. ಈ ಚಳಿಗಾಲದಲ್ಲಿ ನೀವು ಬಂದು ಹೋದರೆ, ಹೋಗುವ ಮೊದಲು ದಾರಿಯ ಯಾವುದಾದರೂ ಒಂದು ಗ್ರಾಮ ಪಂಚಾಯಿತಿಯಲ್ಲಿ ಹೀಗೊಂದು ಅರ್ಜಿ ಬರೆದು ಕೊಟ್ಟು ಹೋಗಿ.