ಗಣಕಯಂತ್ರದಲ್ಲಿ ಕನ್ನಡ: ಸರಕಾರ ಮತ್ತು ತಜ್ಞರ ಸಹಕಾರ

ಕಳೆದ ವರ್ಷ ನಮ್ಮ ಕನ್ನಡ ವಿಭಾಗದ ಗುರುಗಳೊಬ್ಬರು ನನ್ನ ಕೈಗೆ ಎರಡು ಹಳೆಯ ಸಿ.ಡಿ.ಗಳನ್ನು ಕೊಟ್ಟರು. ಇಪ್ಪತ್ತು ವರ್ಷಗಳ ಹಿಂದೆ ತಮ್ಮೂರಿನ ಅಜ್ಜಿಯೊಬ್ಬರ ಬಾಯಿಂದ ಕೇಳಿ ಬರೆದುಕೊಂಡ ಬೀಸುವ ಪದಗಳು ಅವುಗಳಲ್ಲಿದ್ದವು. ಹಾಡಿದ ಅಜ್ಜಿ ಈಗಿಲ್ಲ. ಬರೆದ ಕಾಗದಗಳೂ ಉಳಿದಿಲ್ಲ. ಕಾಲೇಜಿನ ಗಣಕಯಂತ್ರದಲ್ಲಿ ತೆರೆದು ನೋಡಿದರೆ ಎರಡರಲ್ಲಿಯೂ ಕನ್ನಡವೇ ಇಲ್ಲ! ರೋಮನ್ ಅಕ್ಷರಗಳೂ ಚಿಹ್ನೆಗಳೂ ಸಾಲುಗಟ್ಟಿ ನಿಂತಿದ್ದವು. ಒಂದನ್ನು ಅರ್ಧ ದಿನದಲ್ಲಿ ಓದಲು ಬರುವಂತೆ ಮಾಡಿಕೊಂಡೆವು. ಇನ್ನೊಂದು ಇಂದಿಗೂ ಮೂಕವಾಗಿದೆ. ಹೀಗೇಕಾಯಿತೆಂದು ವಿಚಾರಿಸುತ್ತ ಹೋದಾಗ ತಿಳಿದುಬಂದುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಗಣಕಯಂತ್ರಕ್ಕೆ ಅಕ್ಷರದ ಅರಿವಿಲ್ಲ. ಅದು ಬಲ್ಲುದು ಸಂಖ್ಯೆಗಳನ್ನು ಮಾತ್ರ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬುದನ್ನು ಮನುಷ್ಯರೇ ಗೊತ್ತುಮಾಡಬೇಕು. ಇಂಗ್ಲಿಷಿಗೆ ಅಮೆರಿಕದಲ್ಲಿ ೧೯೬೩ರಲ್ಲಿಯೇ 'ಆಸ್ಕಿ' ಎಂಬ ಒಪ್ಪಿತ ಪಟ್ಟಿ ಸಿದ್ಧವಾಯಿತು. ಕನ್ನಡ ತಂತ್ರಾಂಶಗಳನ್ನು ತಯಾರಿಸಿದವರಾದರೋ ಬಹುಕಾಲ ತಮತಮಗೆ ತೋಚಿದಂತೆ ಅಕ್ಷರದ ತುಂಡುಗಳಿಗೆ ಸಂಖ್ಯೆ ಕೊಟ್ಟುಕೊಂಡರು. ಸಂತೆಯಲ್ಲಿ ಪ್ರತಿಯೊಬ್ಬ ವರ್ತಕನೂ ತನ್ನದೇ ಸೇರನ್ನಿಟ್ಟುಕೊಂಡರೆ ಗಿರಾಕಿಯ ಗತಿ ಏನಾದೀತು? ಕನ್ನಡದ ಗತಿಯೂ ಅದೇ ಆಯಿತು.

ಸೇರನ್ನು ಅಳೆದು ಮಾಡಲು ಕುಶಲಿ ಬೇಕು. ಅದಕ್ಕೆ ಮುದ್ರೆಯೊತ್ತಲು ಸರಕಾರ ಬೇಕು. ಕನ್ನಡದಲ್ಲಿ ಈ ಎರಡೂ ಕೂಡಿಬಂದುದು ೨೦೦೦ದ ಆಸುಪಾಸಿನಲ್ಲಿ. ಶ್ರೀ ಕೆ. ಪಿ. ರಾವ್ ಅವರು ಅದಕ್ಕೂ ಮೊದಲೇ ಧ್ವನಿಯನ್ನು ಅನುಸರಿಸುವ ಕೀಲಿಮಣೆಯೊಂದನ್ನು ರೂಪಿಸಿದ್ದರು. ನಮ್ಮ ವರ್ಣಮಾಲೆಯ ತರ್ಕವೇ ಅದರ ಬುನಾದಿ. 'ಕನ್ನಡ' ಎಂದು ಬರೆಯಲು ಐದೇ ಕೀಲಿಗಳನ್ನು ಒತ್ತಿದರೆ ಸಾಕು: ಕ, ನ, ಒತ್ತಕ್ಷರವನ್ನು ಕೂಡಿಸುವ ಕೀಲಿ, ಮತ್ತೆ ನ, ಕೊನೆಗೆ ಡ. ಈ ವಿನ್ಯಾಸವನ್ನು ಅಲ್ಪಸ್ವಲ್ಪ ಮಾರ್ಪಾಟಿನೊಡನೆ ಕರ್ನಾಟಕ ಸರಕಾರವು ಅಧಿಕೃತವೆಂದು ಅಂಗೀಕರಿಸಿತು. ಅಕ್ಷರದ ತುಂಡುಗಳ ಸಂಖ್ಯೆಗಳಿಗೂ ಒಂದು ಕಟ್ಟುಪಾಡು ಬಂದಿತು. ಕನ್ನಡ ಗಣಕ ಪರಿಷತ್ತು ಎಂಬ ತಜ್ಞರ ಸಂಸ್ಥೆಯು ಇದಕ್ಕನುಗುಣವಾಗಿ 'ನುಡಿ' ತಂತ್ರಾಂಶವನ್ನು ಸಿದ್ಧಪಡಿಸಿತು; ಅದು ಉಚಿತವಾಗಿ ಕಚೇರಿಗಳಿಗೂ ಜನರಿಗೂ ದೊರೆಯಿತು.

ಪರಿಷತ್ತು ಒಂದೇ ಆಗಿದ್ದರೆ ಅದರ ವಿನ್ಯಾಸವು ಹತ್ತರೊಡನೆ ಹನ್ನೊಂದನೆಯದಾಗುತ್ತಿತ್ತು; ತಾಲ್ಲೂಕು ಕಚೇರಿಯ ಗುಮಾಸ್ತರು ಅದನ್ನೇ ಏಕೆ ಕಲಿಯಬೇಕು? ಸರಕಾರವೊಂದೇ ಆಗಿದ್ದರೆ ಆದೇಶ ಹೊರಟೀತು, ಅಕ್ಷರ ಮೂಡದು. ಒಬ್ಬರ ಜ್ಞಾನಕ್ಕೆ ಇನ್ನೊಬ್ಬರ ಅಧಿಕಾರ ಜೊತೆಯಾದುದರಿಂದಲೇ ಕೆಲಸ ಕೈಗೂಡಿತು.

ಆದರೆ ಈ ವ್ಯವಸ್ಥೆಯಲ್ಲಿಯೂ ಕೊರತೆಯಿತ್ತೆಂಬುದನ್ನು ಮರೆಯಬಾರದು. ಅದು ಕನ್ನಡಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಡದೆ ಇಂಗ್ಲಿಷಿನ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿತ್ತು. ನಮ್ಮ ಸಿ.ಡಿ.ಗಳಲ್ಲಿ ರೋಮನ್ ಅಕ್ಷರಗಳು ಕಂಡುದು ಇದರಿಂದಲೇ. ಜಗತ್ತಿನ ಲಿಪಿಗಳಿಗೆಲ್ಲ ಬೇರೆಬೇರೆ ಸಂಖ್ಯೆಗಳನ್ನು ಕೊಡುವ 'ಯುನಿಕೋಡ್' ೧೯೯೧ರಲ್ಲಿಯೇ ಹೊರಬಂದಿತ್ತು. ಅದರಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳು ಮೀಸಲಾಗಿವೆ. ಅವುಗಳ ಕ್ರಮಕ್ಕೆ ನಮ್ಮ ದೇಶದಲ್ಲಿಯೇ ಸಿದ್ಧವಾದ 'ಇಸ್ಕಿ' ಸಂಕೇತವು ಆಧಾರವಾಯಿತೆಂಬುದು ನಮಗೆ ಹೆಮ್ಮೆಯ ಸಂಗತಿ. ಹಾಗಿದ್ದೂ ಯುನಿಕೋಡ್ ಬಳಕೆಗೆ ಕರ್ನಾಟಕ ಸರಕಾರದ ಆದೇಶ ಹೊರಟುದು ೨೦೧೨ರಲ್ಲಿ. ಅಷ್ಟರಲ್ಲಿ ಅಸಂಖ್ಯಾತ ಕಡತಗಳು ಹಳೆಯ ಸಂಕೇತದಲ್ಲಿ ತುಂಬಿಹೋಗಿದ್ದವು. ಸಹಕಾರವೆಂಬುದು ಒಮ್ಮೆ ಮಾಡಿ ಮುಗಿಸುವ ಕಾರ್ಯವಲ್ಲ. ವಿದ್ಯೆ ಮುಂದೆ ಸಾಗಿದಂತೆ ಅದೂ ಸಾಗಬೇಕು.

ಈಗ ಸಿ.ಡಿ.ಗಳ ವಿಷಯಕ್ಕೆ ಮರಳುತ್ತೇನೆ. ನಮಗೆ ಓದಲು ಬಂದುದು 'ನುಡಿ'ಯಲ್ಲಿ ಬರೆದುದು. ಅದರ ಸಂಖ್ಯೆಗಳು ಎಲ್ಲರಿಗೂ ತಿಳಿದಿದ್ದುದರಿಂದ ಯುನಿಕೋಡಿಗೆ ಪರಿವರ್ತಿಸುವ ಸಾಧನ ಸುಲಭವಾಗಿ ದೊರೆಯಿತು. ಇನ್ನೊಂದು, ಯಾವುದೋ ಖಾಸಗಿ ತಂತ್ರಾಂಶದ್ದು. ಅದರ ಗುಟ್ಟು ತಯಾರಿಸಿದವರೊಡನೆಯೇ ಹೋಯಿತು. ಒಂದೇ ಕಂಠದ ಹಾಡುಗಳಲ್ಲಿ ಅರ್ಧ ಉಳಿದವು, ಅರ್ಧ ಮರೆಯಾದವು. ಉಳಿದುದಕ್ಕೂ ಅಳಿದುದಕ್ಕೂ ಇದ್ದ ಅಂತರ ಎಲ್ಲರೂ ಒಪ್ಪಿದ ಆ ಒಂದು ಪಟ್ಟಿ ಮಾತ್ರ.

ಕಲಾ ವಿಭಾಗದ ವಿದ್ಯಾರ್ಥಿಗಳಾದ ನಮಗೆ ಇದು ಸಂಬಂಧಿಸಿದ್ದಲ್ಲವೆಂದು ನಾನೂ ತಿಳಿದಿದ್ದೆ. ಈಗ ಹಾಗೆನ್ನಲಾರೆ. ಸಹಪಾಠಿಗಳಲ್ಲಿ ನನ್ನದೊಂದು ವಿನಂತಿ: ನಿಮ್ಮ ಮನೆಯಲ್ಲಿ ಹಳೆಯ ಕನ್ನಡ ಕಡತಗಳಿದ್ದರೆ ಇಂದೇ ತೆರೆದು ನೋಡಿರಿ, ಓದಲು ಬರುವಾಗಲೇ ಯುನಿಕೋಡಿಗೆ ಬದಲಾಯಿಸಿಡಿರಿ. ಗುರುಗಳು ಆ ಎರಡನೆಯ ಸಿ.ಡಿ.ಯನ್ನು ಇನ್ನೂ ಎಸೆದಿಲ್ಲ.