ಮನಸ್ಸು ಬತ್ತಿದಾಗ ಪೂಜೆ ಬಿಡಬೇಡಿ

ಪೂಜೆಗೆ ಕುಳಿತರೂ ಒಳಗೆ ಏನೂ ಅನಿಸುತ್ತಿಲ್ಲವೇ? ನಾಚಬೇಡಿ. ನಮ್ಮ ಬಸವನ ಬಾಗೇವಾಡಿಯ ಬಸವಣ್ಣನವರೇ ತಮ್ಮ ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೋತಿಗೆ ಹೋಲಿಸಿ, ಆ ದೂರನ್ನು ನೇರ ಕೂಡಲಸಂಗಮದೇವನ ಮುಂದೆಯೇ ಇಟ್ಟವರು. ನೀವೂ ಹಾಗೇ ಮಾಡಿ. ‘ಇವತ್ತು ಮನಸ್ಸಿಲ್ಲ, ಆದರೂ ಬಂದು ಕೂತಿದ್ದೇನೆ’ ಎಂದರೆ ಅದೂ ಪ್ರಾರ್ಥನೆಯೇ.

ಅವಧಿ ಕಡಿಮೆ ಮಾಡಿ, ಹೊತ್ತು ಮಾತ್ರ ತಪ್ಪಿಸಬೇಡಿ. ಅರ್ಧ ಗಂಟೆ ಆಗದಿದ್ದರೆ ಐದು ನಿಮಿಷ ಇಷ್ಟಲಿಂಗ ಹಿಡಿದು ಸುಮ್ಮನೆ ಕುಳಿತುಕೊಳ್ಳಿ. ಒಬ್ಬರಿಂದಲೇ ಆಗದಾಗ ಊರಿನ ಭಜನೆಯಲ್ಲಿ ನಾಲ್ವರ ದನಿಗೆ ದನಿ ಸೇರಿಸಿ. 2023ರ ಜನವರಿ 2ರಂದು ನಮ್ಮನ್ನಗಲಿದ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ ಮೊಬೈಲಿನಲ್ಲೇ ಸಿಗುತ್ತದೆ. ಇಂಡಿಯಲ್ಲಿರಲಿ, ಸಿಂದಗಿ, ಮುದ್ದೇಬಿಹಾಳದಲ್ಲಿರಲಿ, ಸಂಜೆ ಸ್ವಲ್ಪ ಹೊತ್ತು ಕೇಳಿ. ಅದೂ ಬೇಡವೆನಿಸಿದ ದಿನ ಕೈಯಲ್ಲಿರುವ ಕಾಯಕವನ್ನು ಚೊಕ್ಕಟವಾಗಿ ಮಾಡಿ, ಹಸಿದವರಿಗೆ ಒಂದು ರೊಟ್ಟಿ ಕೊಡಿ. ಶರಣರ ದಾರಿಯಲ್ಲಿ ದುಡಿಮೆ, ದಾಸೋಹಗಳೂ ಪೂಜೆಯೇ.

ಒಂದು ಎಚ್ಚರ: ಎರಡು ವಾರ ಕಳೆದರೂ ನಿದ್ದೆ, ಹಸಿವು, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಅದು ಭಕ್ತಿಯ ಕೊರತೆಯಲ್ಲ, ಖಿನ್ನತೆ ಇರಬಹುದು. ವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ.