ಜ್ವರ, ಜಗಲಿ ಮತ್ತು ಕಥನ: ಗುಜರಾತಿನ ಓಖಾಹರಣವನ್ನು ಕುರಿತು ಕೆಲವು ವಿಚಾರಗಳು

ನಮ್ಮಲ್ಲಿ ಕಥನಕಾವ್ಯಗಳನ್ನು ಕುರಿತು ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ಕವಿ, ಕೃತಿ, ಆಕರ, ಛಂದಸ್ಸು ಇವುಗಳನ್ನು ಆಶ್ರಯಿಸಿವೆ. ಈಚಿನ ದಶಕಗಳಲ್ಲಿ ಹಾಡುವವನೂ ವಾಚಿಸುವವನೂ ವಿದ್ವಾಂಸರ ಗಮನಕ್ಕೆ ಬಂದಿದ್ದಾರೆ. ಆದರೆ ಕೇಳುವವರು ಯಾರು, ಅವರು ಎಲ್ಲಿ ಕುಳಿತು ಕೇಳಿದರು, ಕೇಳುವ ಮೊದಲೂ ಕೇಳಿದ ಮೇಲೂ ಅವರವರ ನಡುವೆ ಎಂತಹ ಸಂಬಂಧವಿತ್ತು ಎಂಬ ಪ್ರಶ್ನೆಗಳು ಇನ್ನೂ ಅಂಚಿನಲ್ಲಿಯೇ ಉಳಿದಿವೆ. ಗೋಡೆಗೆ ಗೋಡೆ ಹೊಂದಿಕೊಂಡು ಬಾಳುವ ನೆರೆಹೊರೆಯವರು ಒಂದೇ ಕಥೆಯನ್ನು ವರ್ಷವರ್ಷವೂ ಕೂಡಿ ಕೇಳುವುದರಿಂದ ಏನಾಗುತ್ತದೆ? ಕೂಡುವುದೇ ಅಪಾಯವೆನಿಸಿದ ಕಾಲದಲ್ಲಿ ಆ ಕಥೆಯ ಗತಿಯೇನು? ಈ ಎರಡು ಪ್ರಶ್ನೆಗಳನ್ನು ಗುಜರಾತಿನ ಆಖ್ಯಾನ ಪರಂಪರೆಯ ಒಂದು ಕೃತಿಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆಖ್ಯಾನವೆಂದರೆ ಪುರಾಣೇತಿಹಾಸಗಳ ಒಂದು ಪ್ರಸಂಗವನ್ನೆತ್ತಿಕೊಂಡು ಹಾಡಿ, ಹೇಳಿ, ಅಭಿನಯಿಸಿ ತೋರಿಸಲು ರಚಿತವಾದ ಕಥನಕಾವ್ಯ. ಪಾಟಣದ ಭಾಲಣನಿಂದ ರೂಪುಗೊಂಡ ಈ ಪ್ರಕಾರ, 17ನೆಯ ಶತಮಾನದ ಉತ್ತರಾರ್ಧದಲ್ಲಿ ವಡೋದರದ ಪ್ರೇಮಾನಂದನ ಕೈಯಲ್ಲಿ ಪರಿಪಕ್ವತೆಗೆ ಬಂದಿತು. ನಳಾಖ್ಯಾನ, ಸುದಾಮಾಚರಿತ್ರ, ಕುಂವರಬಾಯಿನುಂ ಮಾಮೇರುಂ, ಓಖಾಹರಣ ಇವು ಅವನ ಹೆಸರನ್ನು ಇಂದಿಗೂ ಮನೆಮನೆಯಲ್ಲಿ ಉಳಿಸಿವೆ. ಆಖ್ಯಾನದ ಘಟಕಕ್ಕೆ ‘ಕಡವುಂ’ ಎಂದು ಹೆಸರು. ಪೀಠಿಕೆಯಂತಿರುವ ಮುಖಬಂಧ, ಕಥೆ ನಡೆಯುವ ಢಾಳ, ಮುಂದಿನ ಕಡವಿಗೆ ಕೊಂಡಿಯಾಗುವ ವಲಣ ಎಂಬ ಮೂರು ಅಂಗಗಳು ಇದಕ್ಕಿವೆ. ನಮ್ಮ ಷಟ್ಪದಿ ಕಾವ್ಯಗಳ ಸಂಧಿಯೊಡನೆ ಇದನ್ನು ಹೋಲಿಸಬಹುದಾದರೂ ವಲಣದಂತಹ ಹೊಸ್ತಿಲು ನಮ್ಮ ಸಂಧಿಗಿಲ್ಲ. ಇಂದು ಕೇಳಿದವನನ್ನು ನಾಳೆಯೂ ಕರೆತರುವ ಉಪಾಯ ಅದು. ಆಖ್ಯಾನಕಾರನನ್ನು ಮಾಣಭಟ್ಟನೆನ್ನುತ್ತಾರೆ. ‘ಮಾಣ’ವೆಂದರೆ ಕಿರುಬಾಯಿಯ ತಾಮ್ರದ ಕೊಡ. ಬೆರಳುಗಳಿಗೆ ಉಂಗುರ ತೊಟ್ಟು ಅದರ ಮೈಮೇಲೆ ತಾಳ ಹಾಕುತ್ತ ಅವನು ಕಥೆ ಹೇಳುತ್ತಾನೆ. ನೀರು ತರುವ ಪಾತ್ರೆಯೇ ಇಲ್ಲಿ ವಾದ್ಯವಾಗಿದೆಯೆಂಬುದು ನನಗೆ ಗಮನಾರ್ಹವೆನಿಸುತ್ತದೆ. ಸಂಸ್ಕೃತಕ್ಕೆ ಸರಿಮಿಗಿಲಾಗಿ ಗುಜರಾತಿ ಬೆಳೆಯುವವರೆಗೆ ಪಗಡಿ ಧರಿಸೆನೆಂದು ಪ್ರೇಮಾನಂದ ಪಣ ತೊಟ್ಟನೆಂಬ ಐತಿಹ್ಯವಿದೆ. ಇದನ್ನು ಚರಿತ್ರೆಯೆಂದು ಭಾವಿಸಬೇಕಾಗಿಲ್ಲ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಒದ್ದೆಬಟ್ಟೆ ಆರುವವರೆಗೆ ಕಾವ್ಯ ಹೇಳುತ್ತಿದ್ದನೆಂಬ ಕುಮಾರವ್ಯಾಸನ ಐತಿಹ್ಯದ ಬಳಿ ಇದನ್ನಿಟ್ಟು ನೋಡಿದರೆ, ಜನಸಮುದಾಯ ತನ್ನ ಕವಿಯನ್ನು ಹೇಗೆ ಕಲ್ಪಿಸಿಕೊಳ್ಳುತ್ತದೆಂಬುದು ತಿಳಿಯುತ್ತದೆ.

ಇಂತಹ ಕಥನಕ್ಕೆ ಒದಗಿದ ಸ್ಥಳ ಯಾವುದು? ವಡೋದರ, ಸೂರತ್, ಅಹಮದಾಬಾದುಗಳ ಹಳೆಯ ವಸತಿಗಳಲ್ಲಿ ಬೀದಿ, ಚೌಕ, ಮನೆಯ ಮುಂದಿನ ಕಟ್ಟೆ ಇವೇ ರಂಗಸ್ಥಳ. ಅಹಮದಾಬಾದಿನ ‘ಪೋಳ’ ಇದರ ಅತ್ಯಂತ ಸ್ಪಷ್ಟ ರೂಪ. ಒಂದೇ ಬಾಗಿಲಿನ ಇಕ್ಕಟ್ಟಾದ ಓಣಿ, ಎರಡೂ ಕಡೆ ಗೋಡೆ ಹಂಚಿಕೊಂಡ ಮನೆಗಳು, ಹಕ್ಕಿಗಳಿಗೆ ಕಾಳು ಹಾಕುವ ಚಬೂತರೊ, ಪ್ರತಿ ಮನೆಗೂ ಒಂದು ‘ಓಟಲೊ’. ಓಟಲೊ ಎಂದರೆ ನಮ್ಮ ಜಗಲಿಯೇ. ಅದು ಮನೆಯೂ ಅಲ್ಲ, ಬೀದಿಯೂ ಅಲ್ಲ. 2017ರಲ್ಲಿ ಯುನೆಸ್ಕೋ ಈ ಕೋಟೆನಗರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಪೋಳಗಳೇ ಮುಖ್ಯ ಕಾರಣಗಳಲ್ಲೊಂದಾದವು. ಆದರೆ ಪೋಳವನ್ನು ಕೇವಲ ಸೌಹಾರ್ದದ ಚಿತ್ರವಾಗಿ ಬಣ್ಣಿಸುವುದು ಸರಿಯಲ್ಲ. ಅವು ಬಹುಪಾಲು ಜಾತಿ, ಕಸುಬು, ಮತಗಳ ಆಧಾರದ ಮೇಲೆ ಬೆಳೆದವು. ಒಳಗಿನವರನ್ನು ಕಾಯುವ ಬಾಗಿಲು ಹೊರಗಿನವರನ್ನು ತಡೆಯುತ್ತದೆ. ಈ ಮಾತಿಗೆ ಮುಂದೆ ಮರಳಬೇಕಾಗುತ್ತದೆ.

ಓಖಾಹರಣದ ವಸ್ತು ಭಾಗವತದ ದಶಮಸ್ಕಂಧದ 62 ಮತ್ತು 63ನೆಯ ಅಧ್ಯಾಯಗಳಲ್ಲಿ ಬರುವ ಉಷಾ-ಅನಿರುದ್ಧರ ಕಥೆ. ನಮ್ಮ ಯಕ್ಷಗಾನಕ್ಕೆ ಉಷಾಪರಿಣಯವಾಗಿ ಒದಗಿದ್ದೂ ಇದೇ. ಗುಜರಾತಿ ಉಷೆ ‘ಓಖಾ’ ಆಗುವುದರೊಂದಿಗೆ ಕಥೆಯೂ ಮನೆಮಾತಿನದಾಗುತ್ತದೆ. ಜನಪ್ರಿಯ ಪಾಠದಲ್ಲಿ ಓಖಾ ಮೊದಲು ಪಾರ್ವತಿಯ ಮಗಳು. ಬಾಗಿಲು ಕಾಯುತ್ತಿದ್ದ ಗಣೇಶನ ತಲೆಯನ್ನು ಶಿವ ಕತ್ತರಿಸಿದಾಗ ಹೆದರಿದ ಹುಡುಗಿ ಉಪ್ಪಿನಲ್ಲಿ ಅವಿತುಕೊಳ್ಳುತ್ತಾಳೆ. ಅಣ್ಣನ ಸಂಕಟಕ್ಕೆ ಒದಗಲಿಲ್ಲವೆಂದು ತಾಯಿಯೇ ಅವಳನ್ನು ಶಪಿಸುತ್ತಾಳೆ. ಅವಳು ಅಸುರನ ಮನೆಯಲ್ಲಿ ಹುಟ್ಟುತ್ತಾಳೆ. ಚೈತ್ರಮಾಸದಲ್ಲಿ ಉಪ್ಪಿಲ್ಲದ ಊಟ ಮಾಡುವ ‘ಅಲೂಣ’ ವ್ರತಕ್ಕೆ ಈ ಕಥೆಯೇ ಮೂಲ. ಮುಂದೆ, ಮಗಳ ಮದುವೆಯಿಂದ ತನಗೆ ಕೇಡೆಂದು ತಿಳಿದ ಬಾಣಾಸುರ ಅವಳನ್ನು ಒಂಟಿಕಂಬದ ಉಪ್ಪರಿಗೆಯಲ್ಲಿ ಕೂಡಿಹಾಕುತ್ತಾನೆ. ಜೊತೆಗೆ ಮಂತ್ರಿಯ ಮಗಳು ಚಿತ್ರಲೇಖೆ. ಕನಸಿನಲ್ಲಿ ಕಂಡವನನ್ನು ಗುರುತಿಸಲು ಚಿತ್ರಲೇಖೆ ಲೋಕದ ರಾಜಕುಮಾರರನ್ನೆಲ್ಲ ಒಬ್ಬೊಬ್ಬರಾಗಿ ಬರೆದು ತೋರಿಸುತ್ತಾಳೆ. ಬಾಗಿಲು ಮುಚ್ಚಿದ ಮನೆಗೆ ಹೊರಲೋಕವನ್ನು ತರುವವಳು ಸೆರೆಯನ್ನು ಹಂಚಿಕೊಂಡ ಗೆಳತಿ. ಭಾಗವತದಲ್ಲಿ ಚಿತ್ರಲೇಖೆ ಯೋಗಶಕ್ತಿಯುಳ್ಳ ಸಖಿ. ಇಲ್ಲಿ ಅವಳು ಪಕ್ಕದ ಮನೆಯವಳ ಚಹರೆಯನ್ನು ಪಡೆದಿದ್ದಾಳೆ.

ಕಥೆಯ ಇನ್ನೊಂದು ಅಂಶ ನಮ್ಮ ಚರ್ಚೆಗೆ ಇದಕ್ಕಿಂತ ಮುಖ್ಯವಾದುದು. ಬಾಣನ ಪರವಾಗಿ ಶಿವ ಯುದ್ಧಕ್ಕೆ ನಿಂತಾಗ ಮಾಹೇಶ್ವರ ಜ್ವರ ಮತ್ತು ವೈಷ್ಣವ ಜ್ವರ ಒಂದನ್ನೊಂದು ಎದುರಿಸುತ್ತವೆ. ಸೋತ ಜ್ವರ ಕೃಷ್ಣನಿಗೆ ಶರಣಾಗುತ್ತದೆ. ಈ ಸಂವಾದವನ್ನು ನೆನೆಯುವವರಿಗೆ ಜ್ವರಭಯವಿಲ್ಲವೆಂದು ಕೃಷ್ಣ ಹೇಳುತ್ತಾನೆ. ಚೈತ್ರದಲ್ಲಿ ಓಖಾಹರಣ ಕೇಳಿದವರಿಗೆ ತಾಪ ತಟ್ಟದೆಂಬ ಗುಜರಾತಿನ ನಂಬಿಕೆ ಬೆಳೆದದ್ದು ಇಲ್ಲಿಂದ. ಇದಕ್ಕೆ ಸಂವಾದಿಯಾದುವು ನಮ್ಮಲ್ಲಿಯೂ ಇವೆ. ಮಳೆ ತಡವಾದರೆ ವಿರಾಟಪರ್ವವನ್ನು ಓದಿಸುತ್ತಾರೆ. ಶನಿಕಾಟಕ್ಕೆ ಶನಿಮಹಾತ್ಮೆಯನ್ನು ಇಟ್ಟುಕೊಳ್ಳುತ್ತಾರೆ, ಓದುವವನೊಬ್ಬ, ಅರ್ಥ ಹೇಳುವವನೊಬ್ಬ, ಕೇಳಲು ಕೇರಿಯ ಮಂದಿ. ವಿಮರ್ಶಕರು ಫಲಶ್ರುತಿಯನ್ನು ಕಾವ್ಯಕ್ಕೆ ಅಂಟಿಸಿದ ಬಾಲವೆಂದು ಬದಿಗಿಡುವುದುಂಟು. ವಾಚನದಿಂದ ಮಳೆ ಬರುವುದಿಲ್ಲ, ಆಖ್ಯಾನದಿಂದ ಜ್ವರ ಇಳಿಯುವುದಿಲ್ಲ ಎಂಬುದರಲ್ಲಿ ವಿವಾದವಿಲ್ಲ. ಆದರೆ ಫಲಶ್ರುತಿಯ ಕೆಲಸ ಬೇರೆಯದಾಗಿರಬಹುದು. ರಸಾಸ್ವಾದಕ್ಕಾಗಿ ಬಾರದವನನ್ನು ಅದು ಭಯಕ್ಕಾಗಿಯಾದರೂ ಕರೆಸುತ್ತದೆ. ಜಗಳವಾಡಿ ಮಾತುಬಿಟ್ಟ ಎರಡು ಮನೆಗಳನ್ನು ಒಂದೇ ಚಾಪೆಯ ಮೇಲೆ ಕೂರಿಸುತ್ತದೆ. ಚೈತ್ರ-ವೈಶಾಖಗಳು ಬೇಗೆಯ ಮತ್ತು ಬೇನೆಗಳ ಕಾಲ. ಯಾವ ಮನೆಯಲ್ಲಿ ಯಾರು ಮಲಗಿದ್ದಾರೆಂಬುದು ಕಥೆಗೆ ಬಾರದವರ ಲೆಕ್ಕದಿಂದಲೇ ತಿಳಿದುಹೋಗುತ್ತದೆ.

2020ರ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. ಅಂದು ಚೈತ್ರ ಶುದ್ಧ ಪ್ರತಿಪದೆ, ನಮಗೆ ಯುಗಾದಿ. ಗುಜರಾತಿನ ವರ್ಷ ಕಾರ್ತಿಕದಲ್ಲಿ ತೊಡಗಿದರೂ ಮಾಸಗಣನೆ ನಮ್ಮಂತೆ ಅಮಾಂತವೇ ಆದುದರಿಂದ ಅಲ್ಲಿಯೂ ಅಂದೇ ಚೈತ್ರ ಮೊದಲಾಯಿತು. ಓಖಾಹರಣವನ್ನು ಕೂಡಿ ಕೇಳಬೇಕಾದ ಮಾಸವಿಡೀ ಹೀಗೆ ಕೂಡಬಾರದ ಮಾಸವಾಯಿತು. ಜ್ವರ ಬಾರದಿರಲೆಂದು ಸೇರುತ್ತಿದ್ದವರು ಜ್ವರ ಬಾರದಿರಲೆಂದೇ ಅಗಲಿರಬೇಕಾಯಿತು. ಏಪ್ರಿಲ್ 15ರಿಂದ ಅಹಮದಾಬಾದಿನ ಕೋಟೆಯೊಳಗಿನ ಭಾಗದಲ್ಲಿ ಕರ್ಫ್ಯೂ ವಿಧಿಸಲಾಯಿತು. ಮೇ 7ರಿಂದ ಒಂದು ವಾರಕ್ಕೂ ಹೆಚ್ಚು ಕಾಲ ನಗರದಲ್ಲಿ ಹಾಲು, ಔಷಧಿಗಳ ಹೊರತು ಬೇರೆ ಅಂಗಡಿಗಳಿಗೆ ಅವಕಾಶವಿರಲಿಲ್ಲ. ದನಿ ದಾಟುವಷ್ಟು ಹತ್ತಿರದ ಗೋಡೆಗಳು ಸೋಂಕಿಗೂ ದಾರಿ ಕೊಟ್ಟವೆಂಬುದು ಕಹಿಯಾದ ಸತ್ಯ. ಅದೇ ಓಣಿಯಲ್ಲಿ ಎದುರುಬದುರಿನ ಕಿಟಕಿಗಳಿಂದ, ಒಂದಕ್ಕೊಂದು ತಾಗಿದ ಅಗಾಸಿಗಳಿಂದ ಮಾತನಾಡುವುದು ಸಾಧ್ಯವಿತ್ತು ಎಂಬುದೂ ಅಷ್ಟೇ ಸತ್ಯ. ಜಗಲಿ ನಿಷಿದ್ಧವಾದಾಗ ಕಿಟಕಿ ಜಗಲಿಯಾಗುತ್ತದೆ. ಮಾರ್ಚ್ 28ರಿಂದ ದೂರದರ್ಶನ ರಾಮಾಯಣ ಧಾರಾವಾಹಿಯನ್ನು ಮರುಪ್ರಸಾರ ಮಾಡಿ ಕೋಟ್ಯಂತರ ಜನರನ್ನು ಒಂದೇ ಹೊತ್ತಿಗೆ ಒಂದೇ ಕಥೆಯ ಮುಂದೆ ಕೂರಿಸಿತು, ನಿಜ. ಆದರೆ ಪರದೆಯ ಕಥೆಗೆ ಪಕ್ಕದ ಮನೆಯವರ ಅಗತ್ಯವಿಲ್ಲ. ಕೇಳುಗನ ಹೂಂಗುಟ್ಟುವಿಕೆಗಾಗಿ ಮಾಣಭಟ್ಟನಂತೆ ಅದು ತಡೆದು ನಿಲ್ಲುವುದೂ ಇಲ್ಲ.

ಸಾಂಕ್ರಾಮಿಕ ಮತ್ತು ಕಥನದ ಪ್ರಸ್ತಾಪ ಬಂದಾಗ ವಿದ್ವಾಂಸರು ಬೊಕಾಚಿಯೋನ ಡೆಕಮೆರಾನನ್ನು ನೆನೆಯುವುದು ವಾಡಿಕೆ. 1348ರ ಮಹಾಮಾರಿಗೆ ಹೆದರಿ ಫ್ಲಾರೆನ್ಸ್ ಬಿಟ್ಟ ಹತ್ತು ಮಂದಿ ಹತ್ತು ದಿನ ನೂರು ಕಥೆ ಹೇಳುತ್ತಾರೆ. ಅವರು ಉಳ್ಳವರು, ಊರು ಬಿಟ್ಟು ತೋಟದ ಮನೆಗೆ ಹೋಗಬಲ್ಲವರು. ನೆರೆಯವರನ್ನು ನೆರೆಯವರು ತೊರೆದ ಬಗೆಯನ್ನು ಆ ಕೃತಿಯ ಪ್ರಸ್ತಾವನೆಯೇ ವರ್ಣಿಸುತ್ತದೆ. ಪ್ಲೇಗಿನ ಕಾಲದಲ್ಲಿ ನಮ್ಮ ಹಳ್ಳಿಗರೂ ಊರು ಬಿಟ್ಟರು. ಆದರೆ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡಿತು. ಎರಡರ ನಡುವಣ ಅಂತರವನ್ನು ಮರೆತು ಹೋಲಿಕೆಗೆ ಹೊರಡುವುದು ತೌಲನಿಕ ಅಧ್ಯಯನವೆನಿಸದು.

ಸೂರತ್ತಿನ ಉದಾಹರಣೆ ಈ ವಿಚಾರವನ್ನು ಇನ್ನಷ್ಟು ಕಠಿಣವಾಗಿಸುತ್ತದೆ. 1994ರ ಸೆಪ್ಟೆಂಬರಿನಲ್ಲಿ ಪ್ಲೇಗಿನ ಸುದ್ದಿ ಹಬ್ಬಿದಾಗ ಲಕ್ಷಾಂತರ ಜನ ಆ ನಗರವನ್ನು ಬಿಟ್ಟೋಡಿದರು. 2020ರಲ್ಲಿ ಹೋಗಬೇಕೆಂದವರಿಗೂ ದಾರಿಯಿರಲಿಲ್ಲ. ವಿದ್ಯುತ್ ಮಗ್ಗಗಳಲ್ಲಿ ದುಡಿಯುವ ಒಡಿಶಾದವರು, ಅದರಲ್ಲಿಯೂ ಗಂಜಾಂ ಜಿಲ್ಲೆಯವರು, ಒಂದೇ ಕೋಣೆಯನ್ನು ಪಾಳಿಯ ಪ್ರಕಾರ ಹಂಚಿಕೊಂಡು ಬದುಕುವವರು. ಒಬ್ಬ ಮಗ್ಗದ ಮುಂದಿದ್ದಾಗ ಇನ್ನೊಬ್ಬ ಮಲಗಬೇಕು. ಮಗ್ಗಗಳು ನಿಂತಾಗ ಎರಡೂ ಪಾಳಿಗಳು ಒಂದೇ ಕೋಣೆಗೆ ಬಂದವು. ಏಪ್ರಿಲ್ 10ರ ರಾತ್ರಿ ಊರಿಗೆ ಕಳಿಸಿರೆಂದು ಅವರು ಬೀದಿಗಿಳಿದರು. ಓಟಲೊ ಇಲ್ಲದ, ಚೌಕವಿಲ್ಲದ ಆ ವಸತಿಗಳಿಗೆ ನೆರೆಹೊರೆಯೆಂಬ ಪದವನ್ನು ಯಾವ ಅರ್ಥದಲ್ಲಿ ಬಳಸಬೇಕು? ಪೋಳದ ಬಾಗಿಲಿನ ಬಗೆಗೆ ಮೇಲೆ ಹೇಳಿದ ಮಾತು ಇಲ್ಲಿ ಅನ್ವಯಿಸುತ್ತದೆ. ಕಥನದಿಂದ ಕಟ್ಟಿದ ಬಾಂಧವ್ಯ ಎಲ್ಲಿಯವರೆಗೆ ಚಾಚುತ್ತದೆಂಬುದನ್ನು ಕಥೆ ಕೇಳಿಸುವಷ್ಟು ದೂರವೇ ನಿರ್ಧರಿಸುತ್ತದೆ.

ಈ ಕಾರ್ಮಿಕರೂ ಕಥೆಯಿಲ್ಲದವರಲ್ಲ. ಒಡಿಶಾದ ಹಳ್ಳಿಗಳಲ್ಲಿ ‘ಭಾಗವತ ಟುಂಗಿ’ ಎಂಬ ಪುಟ್ಟ ಮನೆಗಳಿವೆ. ಸಂಜೆ ಅಲ್ಲಿ 16ನೆಯ ಶತಮಾನದ ಜಗನ್ನಾಥದಾಸನ ಒಡಿಯಾ ಭಾಗವತವನ್ನು ಓದುವುದು, ಊರವರು ಕೇಳುವುದು ಪದ್ಧತಿ. ಆ ಭಾಗವತದ ದಶಮಸ್ಕಂಧದಲ್ಲಿ ಉಷೆ ಇದ್ದಾಳೆ, ಚಿತ್ರಲೇಖೆ ಇದ್ದಾಳೆ, ಸೋತು ಶರಣಾದ ಜ್ವರವೂ ಇದೆ. ಚಾಟು ವಿಠ್ಠಲನಾಥನ ಕನ್ನಡ ಭಾಗವತ ಓದಿದವರಿಗೂ ಈ ಪ್ರಸಂಗ ಹೊಸದಲ್ಲ. ಒಂದೇ ಪ್ರಸಂಗದ ಗುಜರಾತಿ, ಒಡಿಯಾ, ಕನ್ನಡ ಪಾಠಗಳನ್ನು ಪಕ್ಕಪಕ್ಕದಲ್ಲಿಟ್ಟು, ಜ್ವರ ಪ್ರತಿಯೊಂದರಲ್ಲಿಯೂ ಯಾವ ಮಾತನ್ನಾಡುತ್ತದೆ, ಆ ಮಾತನ್ನು ಯಾವ ಕಟ್ಟೆಯ ಮೇಲೆ ಕುಳಿತವರು ಕೇಳಿದರು ಎಂದು ನೋಡುವ ಕೆಲಸವನ್ನು ನಮ್ಮ ವಿಭಾಗಗಳ ಸಂಶೋಧನ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬಹುದು.